ಆಯವ್ಯಯವಿಭಾಗವೂ ಕಾಯಕೋತ್ಸಾಹವೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)

ಶ್ರೀ ಗುರುಬಸವಲಿಂಗಾಯ ನಮಃ



ಬಡತನದಿಂದ ಕೆಟ್ಟ ಮನೆಗಳಿಗಿಂತ ಪಾಲಿನ ವ್ಯಾಜ್ಯದಿಂದ ಕೆಟ್ಟ ಮನೆಗಳೇ ಹೆಚ್ಚೆಂದು ಹಿರಿಯರು ಹೇಳುವುದುಂಟು. ನಾಲ್ವರು ಅಣ್ಣತಮ್ಮಂದಿರು ಒಂದೇ ಒಲೆಯ ಅನ್ನವನ್ನುಂಡು ಬೆಳೆದಿರುವರು. ಒಬ್ಬನು ಗದ್ದೆಯನ್ನು ನೋಡುವನು, ಒಬ್ಬನು ಹೊಲವನ್ನು, ಒಬ್ಬನು ದನಕರುಗಳನ್ನು, ಇನ್ನೊಬ್ಬನು ಸಂತೆಪೇಟೆಯ ವ್ಯವಹಾರವನ್ನು. ದುಡಿಮೆಯೆಲ್ಲವೂ ಒಂದೇ ಕಣಜವನ್ನು ಸೇರುವವರೆಗೆ ಮನೆಯು ನಂದಗೋಕುಲದಂತಿರುವುದು. ಎಂದು ಒಬ್ಬನ ಮನಸ್ಸಿನಲ್ಲಿ “ದುಡಿದವನು ನಾನು, ಉಂಡವನು ಅವನು” ಎಂಬ ಭಾವನೆಯು ಮೊಳೆಯುವುದೋ ಅಂದಿನಿಂದ ಅವನ ಕೈಯ ನೇಗಿಲು ಆಳವಾಗಿ ಹೂಡುವುದಿಲ್ಲ. ಮಾತಿನಲ್ಲಿ ಜಗಳವು ಹುಟ್ಟುವುದಕ್ಕೆ ಮುಂಚಿತವಾಗಿಯೇ ಕೆಲಸದಲ್ಲಿ ಸೋಮಾರಿತನವು ಹುಟ್ಟಿರುತ್ತದೆ.

ಮನೆಗೆ ಹೇಳಿದ ಈ ಮಾತು ಸಂಘಸಂಸ್ಥೆಗಳಿಗೂ ಸಲ್ಲುವುದು. ಅನೇಕ ಅಂಗಗಳುಳ್ಳ ಒಂದು ಸಂಸ್ಥೆಯಲ್ಲಿ ಬಂದ ಆಯವನ್ನು ಯಾವ ಅಂಗಕ್ಕೆ ಎಷ್ಟು ಹಂಚಬೇಕು, ತಗಲಿದ ವ್ಯಯವನ್ನು ಯಾರ ಮೇಲೆ ಎಷ್ಟು ಹೊರಿಸಬೇಕು, ಹಾಗೆ ಹಂಚುವುದರಿಂದ ದುಡಿಯುವವನ ಉತ್ಸಾಹವು ಹೇಗೆ ಬೆಳೆಯುವುದು ಅಥವಾ ಬಾಡುವುದು ಎಂಬುದೇ ಈ ದಿನದ ವಿಚಾರವಾಗಿರುತ್ತದೆ. ಶ್ರೀರಂಗಪಟ್ಟಣ, ಹಿಂದೆ ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಹೆಸರಾಗಿದ್ದ ಪಾಂಡವಪುರ, ಅತ್ತಿಕುಪ್ಪೆಯೆಂಬ ಹಳೆಯ ಹೆಸರಿನ ಕೃಷ್ಣರಾಜಪೇಟೆ ಮತ್ತು ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಭಕ್ತರಿಗೆ ಇದು ಶುಷ್ಕವಾದ ಲೆಕ್ಕಾಚಾರವೆಂದು ತೋರಲಾರದು. ಅವರ ಕೆರೆಯ ನೀರು, ನಾಲೆಯ ಗದ್ದೆ, ಕಬ್ಬಿನ ಬೆಲೆ, ಮುಂಜಾನೆ ಡೇರಿಗೆ ಹೊರುವ ಹಾಲು, ಇವೆಲ್ಲವೂ ಈ ಒಂದೇ ಪ್ರಶ್ನೆಯ ಮೇಲೆ ನಿಂತಿರುವುವು.

ಮೊದಲು ಪೂರ್ವಿಕರ ಕ್ರಮವನ್ನು ನೋಡಬೇಕು. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಶಬ್ದಗಳು ಪದೇಪದೇ ಬರುವುವು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ತಿದ್ದಿಸಿದವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿಯೇ ಭೂಮಿಯನ್ನೋ ಫಲದ ಒಂದು ಭಾಗವನ್ನೋ ಬಿಟ್ಟುಕೊಡುತ್ತಿದ್ದರು. ಇದರಲ್ಲಿ ಅಡಗಿರುವ ಜಾಣ್ಮೆಯನ್ನು ಗಮನಿಸಬೇಕು. ಕೆರೆಯು ತುಂಬಿದರೆ ಅವನ ಗದ್ದೆಯು ಬೆಳೆಯುವುದು. ಏರಿಯು ಸೋರಿದರೆ ಮೊದಲು ಒಣಗುವುದು ಅವನ ಪೈರೇ. ಬೊಕ್ಕಸದಿಂದ ಒಂದು ಸಲ ಹೊನ್ನನ್ನು ಕೊಟ್ಟಿದ್ದರೆ ಕಟ್ಟುವವರೆಗೆ ಮಾತ್ರ ಅವನ ಆಸಕ್ತಿಯಿರುತ್ತಿತ್ತು. ಫಲದಲ್ಲಿ ಪಾಲನ್ನು ಕೊಟ್ಟುದರಿಂದ ಅವನ ಮಕ್ಕಳು ಮೊಮ್ಮಕ್ಕಳೂ ಏರಿಯ ಮೇಲೆ ಓಡಾಡಿ ಬಿರುಕನ್ನು ಹುಡುಕುವಂತಾಯಿತು.

ನೀರುಗಂಟಿಯ ವಿಷಯವೂ ಅಂತೆಯೇ. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಅವನಿಗೆ ತಾನು ನೀರುಣಿಸಿದ ಗದ್ದೆಗಳಿಂದ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಕಾಳು ಸಲ್ಲುತ್ತಿತ್ತು. ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಗೆ ನೀರು ತಲುಪದಿದ್ದರೆ ಆ ಗದ್ದೆಯ ಕಣದಲ್ಲಿ ಅವನ ಪಾಲೂ ಇಲ್ಲ. ಆದಕಾರಣ ಕೊನೆಯ ರೈತನ ಹಿತವೇ ನೀರುಗಂಟಿಯ ಹಿತವಾಗಿ ಪರಿಣಮಿಸುತ್ತಿತ್ತು. ಊರಿನ ಆಯಗಾರರೆಲ್ಲರಿಗೂ ಇದೇ ಬಗೆಯಲ್ಲಿ ರಾಶಿಯ ಮುಂದೆ ಪಾಲು ಸಲ್ಲುತ್ತಿದ್ದುದನ್ನು ಹಳಬರು ಬಲ್ಲರು. ಆ ವ್ಯವಸ್ಥೆಯಲ್ಲಿ ಹುಟ್ಟಿನ ಮೇಲುಕೀಳೂ ದುರ್ಬಲರ ಶೋಷಣೆಯೂ ಬೆರೆತಿದ್ದುವೆಂಬುದು ನಿಜ. ಅದನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ದುಡಿಮೆಗೂ ಪಾಲಿಗೂ ನಡುವೆ ಕಣ್ಣಿಗೆ ಕಾಣುವ ಸಂಬಂಧವಿರಬೇಕೆಂಬ ತತ್ತ್ವವನ್ನು ಮಾತ್ರ ಅದರಿಂದ ಆರಿಸಿಕೊಳ್ಳಬಹುದು.

ಈ ತತ್ತ್ವವನ್ನು ಮರೆತರೆ ಆಗುವ ಹಾನಿಗೆ ವಾರದ ಸಾಗುವಳಿಯೇ ಸಾಕ್ಷಿ. ಬೆಳೆಯಲ್ಲಿ ಅರ್ಧವು ಒಡೆಯನಿಗೆ, ಅರ್ಧವು ಉಳುವವನಿಗೆ. ಗೊಬ್ಬರ, ಬೀಜ, ಆಳುಕಾಳುಗಳ ವೆಚ್ಚವು ಮಾತ್ರ ಪೂರ್ಣವಾಗಿ ಉಳುವವನ ಮೇಲೆ ಎಂದು ಏರ್ಪಾಡಾಗಿದ್ದರೆ, ಉಳುವವನು ಇನ್ನೊಂದು ಗಾಡಿ ಗೊಬ್ಬರವನ್ನು ಹೊಲಕ್ಕೆ ಹೊಡೆಯುವುದಕ್ಕೆ ಮುಂಚೆ ಎರಡು ಸಲ ಯೋಚಿಸುವನು. ವೆಚ್ಚವು ಹತ್ತು ರೂಪಾಯಿ ಅವನದು, ಅದರಿಂದ ಬರುವ ಹದಿನಾರು ರೂಪಾಯಿಯ ಹೆಚ್ಚುವರಿ ಬೆಳೆಯಲ್ಲಿ ಅವನಿಗೆ ಸಿಕ್ಕುವುದು ಎಂಟೇ. ಭೂಮಿಗೆ ಲಾಭ, ಒಡೆಯನಿಗೆ ಲಾಭ, ದುಡಿದವನಿಗೆ ಎರಡು ರೂಪಾಯಿ ನಷ್ಟ. ಗೊಬ್ಬರವು ತಿಪ್ಪೆಯಲ್ಲಿಯೇ ಉಳಿಯುವುದು. ಅದೇ ವೆಚ್ಚವನ್ನೂ ಅರ್ಧಕ್ಕರ್ಧ ಹಂಚಿಕೊಂಡರೆ ಐದನ್ನು ಹಾಕಿ ಎಂಟನ್ನು ಪಡೆಯುವನಾದ್ದರಿಂದ ಅವನೂ ಹೊಲಕ್ಕೆ ಗಾಡಿಯನ್ನು ಹೂಡುವನು. ಆಯವನ್ನು ಯಾವ ಪ್ರಮಾಣದಲ್ಲಿ ಹಂಚಿದರೋ ವ್ಯಯವನ್ನೂ ಅದೇ ಪ್ರಮಾಣದಲ್ಲಿ ಹಂಚಬೇಕೆಂಬ ನ್ಯಾಯವು ಇದರಿಂದ ಸಿದ್ಧವಾಗುವುದು.

ಇನ್ನು ಈ ಕಾಲದ ಸಂಸ್ಥೆಗಳಿಗೆ ಬರೋಣವಾಗಲಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಕೆಲವು ಮಂದಿ ಬಡ ನೇಕಾರರೂ ಕುಶಲಕರ್ಮಿಗಳೂ ಸೇರಿ ಒಂದು ಅಂಗಡಿಯನ್ನು ತೆರೆದರು. ಬಂದ ಲಾಭವನ್ನು ಹಣ ಹಾಕಿದ ಪ್ರಮಾಣಕ್ಕೆ ಹಂಚದೆ, ಯಾರು ಎಷ್ಟು ವ್ಯಾಪಾರ ಮಾಡಿದರೋ ಆ ಪ್ರಮಾಣಕ್ಕೆ ಹಿಂದಿರುಗಿಸುವ ಪದ್ಧತಿಯನ್ನು ಅವರು ನಡೆಸಿದರು. ಲೋಕದ ಸಹಕಾರ ಚಳುವಳಿಗೆ ಅದೇ ಮೇಲ್ಪಂಕ್ತಿಯಾಯಿತು. ಕನ್ನಡನಾಡಿನಲ್ಲಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಗ್ರಾಮದ ಸಹಕಾರಿ ಪತ್ತಿನ ಸಂಘವನ್ನು ನೆಲೆಗೊಳಿಸಿದರು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಆನಂದದಲ್ಲಿ ಹಾಲು ಉತ್ಪಾದಕರ ಒಕ್ಕೂಟವು ಹುಟ್ಟಿತು. ಅದರ ಮಾದರಿಯನ್ನನುಸರಿಸಿ ಕರ್ನಾಟಕದಲ್ಲಿ 1974ರಿಂದ ಹೈನು ಅಭಿವೃದ್ಧಿ ಕಾರ್ಯವು ನಡೆದು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವು ಏರ್ಪಟ್ಟಿತು. ಹಳ್ಳಿಯಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ ಎಂಬುದಾಗಿ ಮೂರು ನೆಲೆಗಳು. ಈ ನಾಲ್ಕು ತಾಲ್ಲೂಕುಗಳ ಹಾಲು ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಒಕ್ಕೂಟಕ್ಕೆ ಸೇರುವುದು.

ಈ ಏರ್ಪಾಟಿನ ಜೀವಾಳವು ಯಾವುದು? ದೊಡ್ಡ ದೊಡ್ಡ ಯಂತ್ರಗಳಲ್ಲ. ಹಳ್ಳಿಯ ಡೇರಿಯ ಮೇಜಿನ ಮೇಲಿರುವ ಸಣ್ಣ ಪರೀಕ್ಷಾಪಾತ್ರೆಯು. ಹಿಂದೆ ಹಾಲನ್ನು ಅಳತೆಯ ಮೇಲೆ ಮಾತ್ರ ಕೊಳ್ಳುತ್ತಿದ್ದಾಗ ನೀರು ಬೆರೆಸಿದವನಿಗೆ ಲಾಭವೂ ಬೆರೆಸದವನಿಗೆ ಮೂರ್ಖನೆಂಬ ಹೆಸರೂ ಬರುತ್ತಿದ್ದುವು. ಒಬ್ಬೊಬ್ಬರ ಹಾಲಿನ ಜಿಡ್ಡಿನಂಶವನ್ನೂ ಜಿಡ್ಡಲ್ಲದ ಘನಾಂಶವನ್ನೂ ಪರೀಕ್ಷಿಸಿ, ಎರಡಕ್ಕೂ ಬೇರೆ ಬೇರೆ ಬೆಲೆಯನ್ನು ಕಟ್ಟುವ ಪದ್ಧತಿಯು ಬಂದ ಮೇಲೆ ನೀರಿಗೆ ಬೆಲೆಯಿಲ್ಲದಂತಾಯಿತು. ನಾಗಮಂಗಲದ ಬಯಲುಸೀಮೆಯಲ್ಲಿ ಒಂದೇ ಹಸುವನ್ನು ಕಟ್ಟಿಕೊಂಡು ಹುರುಳಿಯ ಹೊಟ್ಟು, ರಾಗಿಯ ಹುಲ್ಲುಗಳಿಂದ ಅದನ್ನು ಸಾಕುವ ವಿಧವೆಯ ಎರಡು ಲೀಟರಿಗೂ, ನಾಲೆಯ ಬಯಲಿನಲ್ಲಿ ಹಸಿರು ಮೇವನ್ನು ಬೆಳೆದು ಹತ್ತು ರಾಸುಗಳನ್ನು ಸಾಕುವ ಗೌಡರ ಐವತ್ತು ಲೀಟರಿಗೂ ಒಂದೇ ತಕ್ಕಡಿ, ಒಂದೇ ದರ. ಅವಳ ಹಾಲಿನ ಗುಣವು ಅವಳ ಚೀಟಿಯಲ್ಲಿಯೇ ಬರೆದಿರುವುದು. ಪಕ್ಕದವರ ನೀರಿನ ಪಾಪವು ಅವಳ ತಲೆಗೆ ಸುತ್ತುವುದಿಲ್ಲ. ವರ್ಷದ ಕೊನೆಗೆ ಸಂಘಕ್ಕೆ ಉಳಿತಾಯವಾದರೆ ಬೋನಸ್ಸು ಸಹ ಅವಳು ಹಾಕಿದ ಹಾಲಿನ ಪ್ರಮಾಣಕ್ಕೇ ಬರುವುದು.

ಆದರೆ ಹಳ್ಳಿಯ ಮೇಜಿನ ಮೇಲೆ ಇರುವ ಈ ಸ್ಪಷ್ಟತೆಯು ಮುಂದಿನ ದಾರಿಯಲ್ಲಿ ಇಲ್ಲದೆ ಹೋದರೆ ಏನಾಗುವುದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. 2021ರಲ್ಲಿ ಇದೇ ಮಂಡ್ಯ ಜಿಲ್ಲೆಯಲ್ಲಿ ಹಾಲು ಸಾಗಿಸುವ ಟ್ಯಾಂಕರುಗಳಲ್ಲಿ ನೀರು ತುಂಬುವ ಗುಪ್ತಕೋಶಗಳು ಪತ್ತೆಯಾದುವೆಂಬ ವಾರ್ತೆಯು ನಾಡನ್ನೆಲ್ಲ ಬೆಚ್ಚಿಬೀಳಿಸಿತು. ಹತ್ತಾರು ಊರುಗಳ ಹಾಲು ಒಂದೇ ಹೊಟ್ಟೆಯನ್ನು ಸೇರಿದ ಮೇಲೆ ಯಾವ ಊರಿನದು ಶುದ್ಧ, ಯಾವುದು ಅಶುದ್ಧ ಎಂದು ಹೇಳುವವರಾರು? ಬೆರೆಸಿದವನು ಮರೆಯಲ್ಲಿರುವನು, ನಷ್ಟವು ಮಾತ್ರ ಎಲ್ಲ ಸಂಘಗಳ ತಲೆಯ ಮೇಲೂ ಸಮನಾಗಿ ಬೀಳುವುದು. ಅಳತೆಯು ಎಲ್ಲಿ ನಿಲ್ಲುವುದೋ ಅಲ್ಲಿಂದಲೇ ಅನ್ಯಾಯವು ಆರಂಭವಾಗುವುದು. ಹಾಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಪ್ರತಿಯೊಂದು ಸ್ಥಳದಲ್ಲಿಯೂ ಅಳತೆಯೂ ಪರೀಕ್ಷೆಯೂ ಇರಬೇಕೆಂಬುದೇ ಈ ಘಟನೆಯ ಪಾಠವು.

ಈಗ ವ್ಯಯದ ಹಂಚಿಕೆಯನ್ನು ವಿಚಾರಿಸಬೇಕು. ಇದು ಆಯದ ಹಂಚಿಕೆಗಿಂತಲೂ ಕಠಿನವಾದುದು. ದೃಷ್ಟಾಂತಕ್ಕಾಗಿ ಮೂರು ಊರುಗಳನ್ನು ಕಲ್ಪಿಸಿಕೊಳ್ಳಬಹುದು. ಒಂದೇ ಲಾರಿಯು ಮೂರೂರುಗಳ ಹಾಲನ್ನು ತರುವುದು. ದಿನದ ಬಾಡಿಗೆ 600 ರೂಪಾಯಿ. ಮೊದಲನೆಯ ಊರು 10 ಕಿಲೋಮೀಟರು ದೂರದಲ್ಲಿದ್ದು 500 ಲೀಟರನ್ನೂ, ಎರಡನೆಯದು 20 ಕಿಲೋಮೀಟರು ದೂರದಲ್ಲಿದ್ದು 300 ಲೀಟರನ್ನೂ, ಮೂರನೆಯದು 30 ಕಿಲೋಮೀಟರು ದೂರದಲ್ಲಿದ್ದು 200 ಲೀಟರನ್ನೂ ಕಳುಹಿಸುವುವು. ಊರಿಗೆ ತಲಾ 200 ರೂಪಾಯಿಯಂತೆ ಹಂಚಿದರೆ ಕೇಳುವುದಕ್ಕೆ ಸಮಾನವಾಗಿಯೇ ಇರುವುದು. ಆದರೆ ಲೀಟರೊಂದಕ್ಕೆ ಮೊದಲನೆಯ ಊರಿಗೆ 40 ಪೈಸೆ, ಮೂರನೆಯ ಊರಿಗೆ 1 ರೂಪಾಯಿ ಬೀಳುವುದು. ದೂರದ ಪ್ರಮಾಣಕ್ಕೆ ಹಂಚಿದರೆ 100, 200, 300 ರೂಪಾಯಿಗಳಾಗಿ, ಮೊದಲನೆಯವರಿಗೆ ಲೀಟರಿಗೆ 20 ಪೈಸೆ, ಕೊನೆಯವರಿಗೆ ಒಂದೂವರೆ ರೂಪಾಯಿ ಆಗುವುದು. ಹಾಲಿನ ಪ್ರಮಾಣಕ್ಕೆ ಹಂಚಿದರೆ 300, 180, 120 ರೂಪಾಯಿಗಳಾಗಿ ಎಲ್ಲರಿಗೂ ಲೀಟರಿಗೆ 60 ಪೈಸೆಯೇ ತಗಲುವುದು.

ಈ ಮೂರರಲ್ಲಿ ನ್ಯಾಯವು ಯಾವುದು? ಹತ್ತಿರದ ಊರಿನವರು “ಅವರ ದಾರಿಯ ಖರ್ಚನ್ನು ನಾವೇಕೆ ಹೊರಬೇಕು?” ಎಂದು ಕೇಳುವರು. ಈ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಕೃಷ್ಣರಾಜಪೇಟೆಯ ಗಡಿಯ ಹಳ್ಳಿಯೊಂದು ಗೆಜ್ಜಲಗೆರೆಗೆ ದೂರವಾಗಿರುವುದು ಆ ಹಳ್ಳಿಯವರ ಅಪರಾಧವೇ? ಅವರು ಎಷ್ಟು ದುಡಿದರೂ ದಾರಿಯು ಒಂದು ಮಾರಿನಷ್ಟೂ ಕಿರಿದಾಗದು. ಕೈಯಲ್ಲಿಲ್ಲದ ವಿಷಯಕ್ಕೆ ದಂಡವನ್ನು ಹಾಕಿದರೆ ಉತ್ಸಾಹವು ಹುಟ್ಟದೆ ನಿರಾಶೆಯೇ ಹುಟ್ಟುವುದು. ಆ ಊರಿನವರು ಸಂಘವನ್ನು ಬಿಟ್ಟು ಖಾಸಗಿಯವರ ಕ್ಯಾನಿಗೆ ಹಾಲನ್ನು ಸುರಿಯುವರು. ಆಗ ಲಾರಿಯು ಅರ್ಧ ಬರಿದಾಗಿ ಓಡಿ ಉಳಿದವರ ಖರ್ಚೂ ಏರುವುದು. ಆದುದರಿಂದಲೇ ದೂರದ ಹಳ್ಳಿಗೂ ಹತ್ತಿರದ ಹಳ್ಳಿಗೂ ಒಂದೇ ಗುಣದ ಹಾಲಿಗೆ ಒಂದೇ ದರವನ್ನು ಕೊಟ್ಟು ಸಾಗಾಣಿಕೆಯನ್ನು ಒಕ್ಕೂಟವೇ ಹೊರುವ ಪದ್ಧತಿಯು ಹಾಲಿನ ಸಹಕಾರದಲ್ಲಿ ಬೇರೂರಿತು.

ಹಾಗಾದರೆ ಎಲ್ಲ ವೆಚ್ಚವನ್ನೂ ಒಂದೇ ಗುಡ್ಡೆ ಹಾಕಬೇಕೇ? ಅದೂ ತಪ್ಪು. ಪಾತ್ರೆಯನ್ನು ತೊಳೆಯದೆ ಹಾಲು ಹುಳಿಯಾದರೆ, ಹೊತ್ತಿಗೆ ಸರಿಯಾಗಿ ಕ್ಯಾನನ್ನು ಹೊರಗಿಡದೆ ಲಾರಿಯು ಕಾಯುವಂತಾದರೆ, ಲೆಕ್ಕದಲ್ಲಿ ಲೋಪವಾದರೆ, ಆ ನಷ್ಟವು ಅದೇ ಸಂಘದ ಲೆಕ್ಕಕ್ಕೆ ಬೀಳಬೇಕು. ಯಾತಕ್ಕೆಂದರೆ ಅದನ್ನು ತಡೆಯುವುದು ಅವರ ಕೈಯಲ್ಲಿದ್ದಿತು. ಇಲ್ಲಿಗೆ ಈ ವಿಚಾರದ ತಿರುಳು ಸಿಕ್ಕಿದಂತಾಯಿತು: ಯಾವುದು ಒಂದು ಅಂಗದ ಕೈಯಲ್ಲಿರುವುದೋ ಅದರ ಲಾಭವೂ ನಷ್ಟವೂ ಆ ಅಂಗಕ್ಕೇ ಸೇರಬೇಕು, ಯಾವುದು ಅದರ ಕೈಮೀರಿರುವುದೋ ಅದನ್ನು ಎಲ್ಲರೂ ಕೂಡಿ ಹೊರಬೇಕು. ಮೊದಲನೆಯದನ್ನು ಬಿಟ್ಟರೆ ಸೋಮಾರಿತನವು ಬೆಳೆಯುವುದು. ಎರಡನೆಯದನ್ನು ಬಿಟ್ಟರೆ ಸಂಘವೇ ಒಡೆಯುವುದು.

ಈ ಒರೆಗಲ್ಲನ್ನು ಕಬ್ಬಿಗೆ ಹಿಡಿದು ನೋಡಬಹುದು. ಆಲೆಮನೆಯಲ್ಲಿ ರೈತನು ತನ್ನ ಕಬ್ಬನ್ನು ತಾನೇ ಅರೆಯಿಸಿ, ಕೊಪ್ಪರಿಗೆಯಲ್ಲಿ ಪಾಕವು ಬರುವವರೆಗೆ ಪಕ್ಕದಲ್ಲಿಯೇ ನಿಂತಿದ್ದು, ಅಚ್ಚಿನಿಂದ ಬಿದ್ದ ಬೆಲ್ಲವನ್ನು ಎಣಿಸಿಕೊಳ್ಳುವನು. ಒಳ್ಳೆಯ ಕಬ್ಬಿಗೆ ಹೆಚ್ಚು ಬೆಲ್ಲ, ಕೆಟ್ಟುದಕ್ಕೆ ಕಡಿಮೆ, ಅನುಮಾನಕ್ಕೆ ಎಡೆಯಿಲ್ಲ. ಕಾರ್ಖಾನೆಯಲ್ಲಿಯಾದರೋ ತೂಕವು ಅವರವರದು, ಸಕ್ಕರೆಯ ಇಳುವರಿಯು ಮಾತ್ರ ಎಲ್ಲರದನ್ನೂ ಕೂಡಿಸಿದ ಸರಾಸರಿಯು. ಒಬ್ಬನ ಕಬ್ಬು ನೂರಕ್ಕೆ 11ರಷ್ಟೂ ಇನ್ನೊಬ್ಬನದು 9ರಷ್ಟೂ ಸಕ್ಕರೆಯನ್ನು ಕೊಡುವಂತಿದ್ದರೆ ಇಬ್ಬರಿಗೂ ಬೆಲೆಯು 10ರ ಲೆಕ್ಕದಲ್ಲಿಯೇ ಸಿಕ್ಕುವುದು. ಮೊದಲನೆಯವನ ಬೆವರಿನ ಒಂದು ಪಾಲು ಎರಡನೆಯವನ ಅಂಗಳಕ್ಕೆ ಹರಿಯಿತು. ಅಷ್ಟಲ್ಲದೆ, ಕಟಾವಿನ ಅಪ್ಪಣೆಯು ತಡವಾಗಿ ಬಂದರೆ, ಕಡಿದ ಕಬ್ಬು ಕಾರ್ಖಾನೆಯ ಮುಂದೆ ಗಾಡಿಯಲ್ಲಿಯೇ ಒಣಗಿದರೆ, ಯಂತ್ರವು ಹಳೆಯದಾಗಿ ರಸವು ಸಿಪ್ಪೆಯಲ್ಲಿಯೇ ಉಳಿದರೆ, ಇಳುವರಿಯು ಇಳಿಯುವುದು. ಈ ದೋಷಗಳಲ್ಲಿ ಯಾವುದೂ ರೈತನ ಕೈಯಲ್ಲಿಲ್ಲ; ಬೆಲೆಯ ಕಡಿತವು ಮಾತ್ರ ಅವನ ಪಾಲಿಗೆ.

2012ರಲ್ಲಿ ಡಾ॥ ಸಿ. ರಂಗರಾಜನ್ನರ ಸಮಿತಿಯು ಈ ತೊಡಕನ್ನು ಬಿಡಿಸಲೆತ್ನಿಸಿ, ಸಕ್ಕರೆ ಮತ್ತು ಸಿಪ್ಪೆ, ಕಾಕಂಬಿ, ಮಡ್ಡಿಗಳೆಂಬ ಉಪವಸ್ತುಗಳ ಬೆಲೆಯಲ್ಲಿ ನೂರಕ್ಕೆ 70 ಭಾಗವು ಬೆಳೆಗಾರರಿಗೂ 30 ಭಾಗವು ಕಾರ್ಖಾನೆಗೂ ಸಲ್ಲಬೇಕೆಂದು ಸೂಚಿಸಿತು. ಕರ್ನಾಟಕದಲ್ಲಿ 2013ರ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯಿದೆಯು ಬಂದಿತು. ಇದರ ಆಶಯವು ಉದಾತ್ತವಾದುದೇ: ಕಾರ್ಖಾನೆಯು ಲಾಭವನ್ನು ಕಂಡರೆ ರೈತನೂ ಕಾಣಲಿ. ಆದರೆ ಪಾಲಿನ ನ್ಯಾಯವು ಸಫಲವಾಗಬೇಕಾದರೆ ಪಾಲಿಗೆ ಬರುವ ರಾಶಿಯನ್ನು ಉಭಯರೂ ಕಣ್ಣಾರೆ ಕಾಣುವಂತಿರಬೇಕು. ಸಕ್ಕರೆಯು ಯಾವ ಬೆಲೆಗೆ ಮಾರಿತು, ಸಿಪ್ಪೆಯಿಂದ ಹುಟ್ಟಿದ ವಿದ್ಯುತ್ತಿನ ಹಣವೆಷ್ಟು ಎಂಬ ಲೆಕ್ಕವು ಒಬ್ಬರ ಪೆಟ್ಟಿಗೆಯಲ್ಲಿಯೇ ಇದ್ದರೆ 70 ಎಂಬ ಸಂಖ್ಯೆಯು ಕಾಗದದ ಮೇಲಿನ ಅಲಂಕಾರವಾಗಿ ಉಳಿಯುವುದು. ಪಾಲು ಬಂದರೂ ಹೊತ್ತಿಗೆ ಬರಬೇಕು. ಮುಂದಿನ ಬೆಳೆಯ ಗೊಬ್ಬರಕ್ಕೆ ಸಾಲವನ್ನು ಎತ್ತಿದ ಮೇಲೆ ಬರುವ ಹಣದಲ್ಲಿ ಬಡ್ಡಿಯೇ ಒಂದು ಪಾಲನ್ನು ನುಂಗಿರುತ್ತದೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯು ರೈತರ ಷೇರಿನಿಂದ ನಿಂತ ಸಂಸ್ಥೆಯು. ಅದರ ಗಾಣಗಳು ನಿಂತು ಹೋಗಿ, 2020ರಲ್ಲಿ ಅದನ್ನು 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಗೆ ಕೊಡಬೇಕಾಗಿ ಬಂದಿತು. ಷೇರಿನ ಪತ್ರವನ್ನು ಇಂದಿಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಮುದುಕರು ಈ ಸಭೆಯಲ್ಲಿಯೂ ಇದ್ದಾರು. ಹೆಸರಿಗೆ ಒಡೆತನವಿದ್ದರೆ ಸಾಲದು. ಆಯವ್ಯಯದ ಮೇಲೆ ಒಡೆಯನ ಕಣ್ಣೂ ಇರಬೇಕೆಂಬುದನ್ನು ಅವರಿಗೆ ಬೇರೆ ಹೇಳಬೇಕಾಗಿಲ್ಲ.

ನೀರಿನ ವಿಷಯವು ಇನ್ನೂ ಸೂಕ್ಷ್ಮವಾದುದು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆಯು, ಈಗಿನ ವಿಶ್ವೇಶ್ವರಯ್ಯ ನಾಲೆಯು, ಹುಲಿಕೆರೆಯ ಸುರಂಗವನ್ನು ದಾಟಿ ಬಯಲಿಗೆ ಇಳಿದಾಗ, ಆ ನೀರು ಕೆಲವೇ ಊರುಗಳ ಭತ್ತದ ಗದ್ದೆಗಳಲ್ಲಿ ಇಂಗಿಹೋಗಬಾರದೆಂದು ಬ್ಲಾಕುಗಳ ಪದ್ಧತಿಯನ್ನು ತಂದರು. ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲು ಮುಂಬಯಿ ಪ್ರಾಂತದ ನೀರಾ ನಾಲೆಯಲ್ಲಿ ನಡೆಸಿದ ಕ್ರಮವಿದು. ಭೂಮಿಯನ್ನು ತುಂಡುಗಳಾಗಿ ವಿಂಗಡಿಸಿ, ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆಗಳನ್ನು ಸರದಿಯಲ್ಲಿ ಬೆಳೆಯಿಸಿದರೆ ಅದೇ ನೀರು ಹೆಚ್ಚು ಹಳ್ಳಿಗಳಿಗೆ ಹರಡುವುದೆಂಬುದು ಅದರ ಅಭಿಪ್ರಾಯವು. ಆದರೆ 1930ರ ದಶಕದ ಆದಿಯಲ್ಲಿ ನಾಲೆಯ ವೆಚ್ಚಕ್ಕಾಗಿ ಭೂಮಿಯ ಮೇಲೆ ವಂತಿಗೆಯನ್ನೂ ನೀರಿನ ಕರವನ್ನೂ ಹೊರಿಸಿದಾಗ ಮಂಡ್ಯದ ಸೀಮೆಯ ರೈತರು ಚಳುವಳಿಯನ್ನು ಹೂಡಿದರು. ನಾಲೆಯು ಬೇಡವೆಂದು ಯಾರೂ ಹೇಳಲಿಲ್ಲ. ಫಲವು ಕೈಗೆ ಹತ್ತುವುದಕ್ಕೆ ಮೊದಲೇ ವ್ಯಯದ ಹೊರೆಯು ಹೆಗಲಿಗೆ ಬಂದಿತೆಂಬುದೇ ಅವರ ಸಂಕಟವಾಗಿದ್ದಿತು.

ಇಂದಿಗೂ ಕರವನ್ನು ಎಕರೆಯ ಮೇಲೆ ಎಣಿಸುವರೇ ಹೊರತು ಬಳಸಿದ ನೀರಿನ ಮೇಲಲ್ಲ. ಆದುದರಿಂದ ತೂಬಿನ ಬಾಯಲ್ಲಿರುವವನು ಹಗಲಿರುಳೂ ನೀರನ್ನು ನಿಲ್ಲಿಸಿಕೊಂಡರೂ ಅವನಿಗೆ ಕಾಸಿನ ಹೆಚ್ಚು ಖರ್ಚಿಲ್ಲ. ಕೊನೆಯ ಅಂಚಿನವನು ಒಣಗಿದ ಕಾಲುವೆಯನ್ನು ನೋಡುತ್ತ ಅಷ್ಟೇ ಕರವನ್ನು ಕಟ್ಟಬೇಕಾಗುವುದು. ಮೇಲಿನವನು ದುಷ್ಟನೆಂದು ಬಯ್ದರೆ ಪ್ರಯೋಜನವಿಲ್ಲ. ಉಳಿಸಿದರೆ ಅವನಿಗೆ ಒಂದು ಲಾಭ, ಪೋಲು ಮಾಡಿದರೆ ಒಂದು ನಷ್ಟ ಇರುವಂತೆ ಏರ್ಪಾಡೇ ಆಗಬೇಕು. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನೀರನ್ನು ಅಳತೆಯ ಮೇಲೆ ಒಟ್ಟಾಗಿ ಕೊಟ್ಟು, ಒಳಗಿನ ಹಂಚಿಕೆಯನ್ನೂ ಕರ ವಸೂಲನ್ನೂ ಕಾಲುವೆಯ ದುರಸ್ತಿಯನ್ನೂ ಅವುಗಳಿಗೇ ಒಪ್ಪಿಸುವ ಯೋಚನೆಯ ಮೂಲವು ಇದೇ. ಹೇಮಗಿರಿ, ಮಂದಗೆರೆಯ ಕಟ್ಟೆಗಳ ಕೆಳಗೂ, ಶ್ರೀರಂಗಪಟ್ಟಣದ ಚಿಕ್ಕದೇವರಾಯಸಾಗರ, ವಿರಿಜಾ ಮತ್ತು ಬಂಗಾರದೊಡ್ಡಿ ನಾಲೆಗಳ ಕೆಳಗೂ ತಲೆತಲಾಂತರದಿಂದ ನೀರು ಹರಿದಿರುವುದು. ಅವುಗಳ ಅಂಚಿನ ರೈತನಿಗೆ ಇಂದು ಬೇಕಾಗಿರುವುದು ಹಳೆಯ ನೀರುಗಂಟಿಯ ಕಣದ ಪಾಲಿನಲ್ಲಿದ್ದ ಆ ಒಂದು ಗುಣವು: ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿದರೆ ಮಾತ್ರ ಮೇಲಿನವನ ಕೂಲಿಯು ತುಂಬುವಂತಹ ಏರ್ಪಾಡು.

ಮಹಾಶಯರೇ, ಅಂಗಗಳ ಪಾಲನ್ನು ಹೇಳಿದಂತಾಯಿತು. ಇನ್ನು ನಡುವಣ ಸಂಸ್ಥೆಯ ಪಾಲು ಎಷ್ಟಿರಬೇಕು? ಕೇಂದ್ರವಿಲ್ಲದೆ ಅಂಗಗಳಿಲ್ಲ. ಹಾಲನ್ನು ತಂಪುಮಾಡಲು, ಮಾರಲು, ರಾಸುಗಳಿಗೆ ವೈದ್ಯವನ್ನು ಒದಗಿಸಲು ಒಕ್ಕೂಟವೇ ಬೇಕು. ಆದರೆ ಕಟ್ಟಡಗಳೂ ವಾಹನಗಳೂ ಬೆಳೆಯುತ್ತ ಹೋಗಿ, ಅವುಗಳ ವೆಚ್ಚವನ್ನು ಕೇಳದೆಯೇ ಪ್ರತಿ ಲೀಟರಿನಿಂದಲೂ ಮುರಿದುಕೊಳ್ಳುವಂತಾದರೆ ಹಳ್ಳಿಯವನಿಗೆ ತನ್ನ ಹಣವು ಎಲ್ಲಿಗೆ ಹೋಯಿತೆಂಬುದೇ ತಿಳಿಯದು. ಇಲ್ಲಿ ಆಯ್ದಕ್ಕಿಯ ಲಕ್ಕಮ್ಮನ ಚರಿತ್ರೆಯನ್ನು ಸ್ಮರಿಸುವುದು ಉಚಿತವಾಗಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಆ ಮಹಾಸತಿಯು ಬೇಕಾದಷ್ಟಕ್ಕೆ ಮೀರಿದುದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಿರುಗಿಸಿದಳಲ್ಲವೇ? ಆ ಅಕ್ಕಿಯು ಕಳವಿನದಲ್ಲ, ದಾಸೋಹಕ್ಕೇ ತಂದುದು. ಆದರೂ ಅಳತೆಯನ್ನು ಮೀರಿದುದರಿಂದ ಅವಳಿಗೆ ಅದು ಸಲ್ಲಲಿಲ್ಲ. ಕೇಂದ್ರಸ್ಥಾನದಲ್ಲಿ ಕುಳಿತವರಿಗೆ ಇದಕ್ಕಿಂತ ದೊಡ್ಡ ಅರ್ಥಶಾಸ್ತ್ರವು ಬೇಕಾಗಿಲ್ಲ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನು ತೆಗೆದುಕೊಳ್ಳಬೇಕು. ಹೆಚ್ಚಾದುದನ್ನು ದುಡಿದವರ ಅಂಗಳಕ್ಕೆ ಹಿಂದಿರುಗಿಸಬೇಕು. ಎರಡನ್ನೂ ಬಹಿರಂಗವಾಗಿ ಓದಿ ಹೇಳಬೇಕು.

ಆದರೆ ಬಂದುದನ್ನೆಲ್ಲ ಹಂಚಿ ಕೈತೊಳೆದುಕೊಳ್ಳುವುದೂ ವಿವೇಕವಲ್ಲ. ಸಹಕಾರ ಸಂಘಗಳ ಕಾಯಿದೆಯು ನಿವ್ವಳ ಲಾಭದಲ್ಲಿ ಕಾಲು ಭಾಗವನ್ನು ಮೀಸಲು ನಿಧಿಗೆ ಸೇರಿಸಬೇಕೆಂದು ವಿಧಿಸಿರುವುದು ನಾಳೆಯ ಬರಗಾಲಕ್ಕಾಗಿ. ಅದರಂತೆಯೇ ಹೊಸದಾಗಿ ಹುಟ್ಟಿದ ಸಂಘ, ರೋಗದಿಂದ ರಾಸುಗಳನ್ನು ಕಳೆದುಕೊಂಡ ಊರು, ಇವುಗಳಿಗೆ ಕೆಲವು ಕಾಲ ಆಸರೆಯು ಬೇಕು. ಇಂತಹ ಆಸರೆಯನ್ನು ದರದ ಲೆಕ್ಕದಲ್ಲಿ ಮರೆಮಾಚಿ ಕೊಡದೆ, ಇಂತಿಷ್ಟು ಹಣ, ಇಂತಿಷ್ಟು ವರ್ಷ ಎಂದು ಹೆಸರಿಟ್ಟು ಕೊಡಬೇಕು. ಮರೆಯಲ್ಲಿ ಕೊಟ್ಟುದು ಅಭ್ಯಾಸವಾಗಿ, ಆಮೇಲೆ ಹಕ್ಕಾಗಿ, ಕಡೆಗೆ ಇತರರ ಅಸೂಯೆಗೆ ಕಾರಣವಾಗುವುದು. ತಿಳಿದು ಒಪ್ಪಿ ಕೊಟ್ಟುದಾದರೋ ದಾಸೋಹವಾಗುವುದು. ಕಾಯಕದ ಲೆಕ್ಕವು ಬೇರೆ, ದಾಸೋಹದ ಲೆಕ್ಕವು ಬೇರೆ. ಎರಡನ್ನೂ ಕಲಸಿದರೆ ಕಾಯಕವೂ ಕೆಡುವುದು, ದಾಸೋಹವೂ ಕೆಡುವುದು.

ಈ ಮಾತು ಮಠಮಾನ್ಯಗಳಿಗೂ ಅನ್ವಯಿಸುವುದೆಂಬುದನ್ನು ಮರೆಯಲಾಗದು. ಒಂದು ಮಠಕ್ಕೆ ಶಾಖಾಮಠಗಳುಂಟು, ವಿದ್ಯಾರ್ಥಿನಿಲಯಗಳುಂಟು, ಪಾಠಶಾಲೆಗಳುಂಟು, ಜಮೀನುಗಳುಂಟು. ಒಂದು ಶಾಖೆಯ ಭಕ್ತರು ಸುಗ್ಗಿಯಲ್ಲಿ ಹೊತ್ತು ತಂದ ರಾಗಿಯು ಎಲ್ಲಿ ಯಾರ ಅನ್ನವಾಯಿತೆಂಬುದನ್ನು ಆ ಭಕ್ತರಿಗೆ ತಿಳಿಸಿದರೆ ಮರುವರ್ಷ ಅವರು ಎರಡು ಪಲ್ಲವನ್ನು ಹೆಚ್ಚಾಗಿಯೇ ತರುವರು. ತಿಳಿಸದೆ ಹೋದರೆ ಭಕ್ತಿಯು ಕುಂದದಿದ್ದರೂ ಉತ್ಸಾಹವು ಕುಂದುವುದು. ದೇವರ ಹೆಸರಿನ ಹಣಕ್ಕೆ ಲೆಕ್ಕವೇಕೆಂದು ಕೇಳುವವರುಂಟು. ದೇವರ ಹೆಸರಿನದಾದುದರಿಂದಲೇ ಅದಕ್ಕೆ ಹೆಚ್ಚಿನ ಲೆಕ್ಕವಿರಬೇಕು. ಶಾಖೆಯು ತನ್ನ ದುಡಿಮೆಯಿಂದ ಉಳಿಸಿದುದರಲ್ಲಿ ಒಂದು ಭಾಗವು ಅಲ್ಲಿಯ ಸೂರಿಗೂ ಅಲ್ಲಿಯ ಮಕ್ಕಳಿಗೂ ನಿಲ್ಲಬೇಕು. ಒಂದು ಭಾಗವು ಮೂಲಮಠಕ್ಕೆ ಸೇರಿ, ಆದಾಯವಿಲ್ಲದ ಬಡ ಶಾಖೆಯ ದೀಪವು ಉರಿಯುವಂತಾಗಬೇಕು.

ಈ ಸಭೆಯಲ್ಲಿ ಹಳ್ಳಿಯ ಸಂಘಗಳ ಕಾರ್ಯದರ್ಶಿಗಳೂ ಅಧ್ಯಕ್ಷರೂ ನಿರ್ದೇಶಕರೂ ಅನೇಕರು ಕುಳಿತಿರುವರು. ನಾಳೆಯ ಮುಂಜಾನೆ ಡೇರಿಯ ಬಾಗಿಲನ್ನು ತೆರೆದಾಗ ಸಾಲಿನಲ್ಲಿ ಮೊದಲು ನಿಂತಿರುವ ತಾಯಿಯ ಕೈಯಲ್ಲಿ ಒಂದು ಸಣ್ಣ ಪಾತ್ರೆಯಿರುವುದು. ಅದರಲ್ಲಿರುವ ಹಾಲು ಎಷ್ಟೇ ಸ್ವಲ್ಪವಾಗಿರಲಿ, ಅದನ್ನು ಅವಳ ಕಣ್ಣೆದುರಿನಲ್ಲಿಯೇ ಅಳೆದು, ಅವಳ ಕಣ್ಣೆದುರಿನಲ್ಲಿಯೇ ಪರೀಕ್ಷಿಸಿ, ಬಂದ ಸಂಖ್ಯೆಯನ್ನು ಅವಳಿಗೆ ಓದಿ ಹೇಳಿ ಚೀಟಿಯನ್ನು ಕೈಗೆ ಕೊಡಲಿ. ಸಂಸ್ಥೆಯ ನ್ಯಾಯವೆಲ್ಲವೂ ಆ ಚೀಟಿಯಿಂದಲೇ ಆರಂಭವಾಗುವುದು. ಅವಳ ಪಾಲು ಸರಿಯಾಗಿದ್ದರೆ ಸಂಘವು ಸರಿಯಾಗಿರುವುದು. ಸಂಘವು ಸರಿಯಾಗಿದ್ದರೆ ಒಕ್ಕೂಟವು ನಿಲ್ಲುವುದು. ದುಡಿಮೆಗೆ ತಕ್ಕ ಪಾಲೂ, ಕೈಮೀರಿದ ಕಷ್ಟಕ್ಕೆ ಕೂಡಿ ಕೊಡುವ ಹೆಗಲೂ ಈ ನಾಲ್ಕು ತಾಲ್ಲೂಕುಗಳ ಎಲ್ಲ ಊರುಗಳಲ್ಲಿಯೂ ಸ್ಥಿರವಾಗಿ ನೆಲಸಲೆಂದು ಶ್ರೀಗುರುವಿನ ಸನ್ನಿಧಿಯಲ್ಲಿ ಪ್ರಾರ್ಥಿಸಿ ಈ ಉಪನ್ಯಾಸವನ್ನು ಮುಕ್ತಾಯಗೊಳಿಸಲಾಗಿದೆ.

ಸರ್ವರಿಗೂ ಶುಭವಾಗಲಿ. ಇತಿ ಶಿವಂ.